ಐದೂ ಹತ್ತರ ಬಸ್ಸು

ಮೊದಲ ಸಲ ನಾವು ಎಲ್ಲವನ್ನೂ ಕೇಳಿದೆವು:
ಮನೆ, ಕಾಗದಪತ್ರ, ಕೂಲಿ, ಮರ್ಯಾದೆ,
ಗುಡ್ಡದ ನೆತ್ತಿಯ ನಮ್ಮ ಬಡಾವಣೆಗೊಂದು ಹೆಸರು.
ಲಿಸ್ಬನ್ನಿನ ಬಿಳಿಗಲ್ಲು ಬೀದಿಯಲ್ಲಿ ಡೋಲು ಬಡಿದೆವು,
ದ್ವೀಪ ಬಿಟ್ಟು ಬಂದ ಅಜ್ಜಂದಿರ ಹೆಸರು ಹಿಡಿದು ಕೂಗಿದೆವು.
ಮರುದಿನದ ಪತ್ರಿಕೆಯಲ್ಲಿ
ಡೋಲಿನ ಚಿತ್ರ ಚೆನ್ನಾಗಿ ಬಂದಿತ್ತು.
ಗಾಳಿ ಗುದ್ದಿದ ಮೈ
ವಾರವಿಡೀ ನೋಯಿತು.

ಆಮೇಲೆ ಎರ್ಮೆಲಿಂಡಳ ಅಡುಗೆಮನೆಯಲ್ಲಿ ಕೂತೆವು, ಏಳು ಜನ,
ಐದೇ ಕುರ್ಚಿ. ಒಲೆಯ ಮೇಲೆ
ಜೋಳ, ಅವರೆ ಬೆರೆಸಿದ ಕಶೂಪ ಕೊತಕೊತ ಕುದಿಯುತ್ತಿತ್ತು.
ಜುಲ್ಮೀರ ಬೂಟು ಬಿಚ್ಚಿ ಕಾಲು ಚಾಚಿ ಕೇಳಿದಳು:
“ನಾಳೆ ಬೆಳಿಗ್ಗೆ ಏನು ನೋಯುತ್ತದೆ ನಿಮಗೆ?
ಹತ್ತು ವರ್ಷದ ಮಾತಲ್ಲ. ನಾಳೆ.”
ಯಾರೂ ನ್ಯಾಯ ಎನ್ನಲಿಲ್ಲ.
ಬಸ್ಸು ಎಂದರು.

ಮೊದಲ ಬಸ್ಸು ಐದೂ ನಲವತ್ತಕ್ಕೆ.
ಬ್ಯಾಂಕಿನ ಹದಿನಾಲ್ಕು ಮಹಡಿ ಒರೆಸುವ ಕೆಲಸ ಆರಕ್ಕೆ.
ನಡುವೆ ಇಳಿಜಾರು, ಕತ್ತಲೆ, ಗ್ಯಾರೇಜಿನ ನಾಯಿ,
ತಡವಾದವರಿಗೆ ಅರ್ಧ ದಿನದ ಕೂಲಿ ಖೋತಾ.

ಅಲ್ಲಿಂದ ಶುರುವಾಯಿತು
ಯಾರೂ ಚಿತ್ರ ತೆಗೆಯದ ಕೆಲಸ.
ಹತ್ತೊಂಬತ್ತು ಬೆಳಗು ಅದೆರಿತು
ಬೇಕರಿಯ ಮೆಟ್ಟಿಲ ಮೇಲೆ ಕೂತು ತಲೆ ಎಣಿಸಿದ.
ಕರೆಂಟು ಬಿಲ್ಲಿನ ಬೆನ್ನಿಗೆ ಗೀಟು, ಐದಕ್ಕೊಂದು ಅಡ್ಡಗೀಟು.
ಮಳೆಯ ದಿನ ಅರವತ್ತೊಂದು.
ಸೋಮವಾರ ಎಂಬತ್ತೆಂಟು.
ನೂರು ಅಂತ ಬರೆಯೋಣ, ಎಂದೆ.
ಬರೆಯುವ ಕೈ ನನ್ನದು, ದುಂಡು ಸಂಖ್ಯೆಯ ಆಸೆಯೂ ನನ್ನದೇ.
ಅವನು ಬಿಲ್ಲು ಕಿತ್ತುಕೊಂಡ:
“ನಮ್ಮ ಹತ್ತಿರ ಇರುವುದೇ ಈ ಎಂಬತ್ತೆಂಟು.
ಅದನ್ನೂ ಕಳೆಯಬೇಡ.”

ಹಣ ಕೊಡುತ್ತೇವೆಂದು ಒಂದು ಸಂಸ್ಥೆ ಬಂತು,
ಹನ್ನೊಂದು ಪುಟದ ಅರ್ಜಿ ಬಂತು.
ಬದಲಾವಣೆಯನ್ನು ಹೇಗೆ ಅಳೆಯುವಿರಿ?
ಗಡಿಯಾರದಿಂದ, ಎಂದು ಬರೆಸಿದಳು ಎರ್ಮೆಲಿಂಡ.
ನಿಮ್ಮ ಯೋಜನೆಗಿರುವ ಅಪಾಯಗಳು?
ನಿದ್ದೆ.
ಹಣ ಬರಲಿಲ್ಲ. ಅರ್ಜಿಯ ನಕಲಿನ ಹಿಂಬದಿ ಖಾಲಿಯಿತ್ತು,
ಮುಂದಿನ ವಾರದ ಗೀಟುಗಳಿಗಾಯಿತು.

ಯಾರನ್ನು ಕೇಳಬೇಕು? ಒಂದು ತಿಂಗಳು ಅದನ್ನೇ ಹುಡುಕಿದೆವು.
ಮಂತ್ರಿಯಲ್ಲ, ಮೇಯರಲ್ಲ.
ವೇಳಾಪಟ್ಟಿ ಬರೆಯುವವನು ಮೂರನೆಯ ಮಹಡಿಯ ಗುಮಾಸ್ತ,
ಕಿಂತೆಲ ಅಂತ.
ಅವನ ಮೇಜು ಒರೆಸುವವಳು ಜುಲ್ಮೀರಳ ನಾದಿನಿ.
ಹನ್ನೆರಡು ವರ್ಷವಾಯಿತು, ಅವಳ ಮುಖ ಅವನಿಗೆ ಗೊತ್ತಿಲ್ಲ,
ಅವನು ಬರುವಷ್ಟರಲ್ಲಿ ಮೇಜು ಒಣಗಿರುತ್ತದೆ.
ನಮ್ಮ ಮನವಿ ಅಲ್ಲೇ ಇಟ್ಟು ಬರಲಿ, ಎಂದೆ.
“ಅವಳ ಕೆಲಸ ಹೋದರೆ ನೀನು ಕೊಡುತ್ತೀಯಾ?”
ಕಶೂಪ ಬಡಿಸುತ್ತಿದ್ದ ಸೌಟು ನಿಂತಿತು.
ನನ್ನ ತಟ್ಟೆಗೆ ಸ್ವಲ್ಪ ತಡವಾಗಿ ಬಂತು.

ಮುಂಬಾಗಿಲಿನಿಂದಲೇ ಹೋದೆವು. ಸರದಿ ಚೀಟಿ ಹಿಡಿದು, ಮೂರು ಸಲ.
ಮೂರನೆಯ ಸಲ ಕಿಂತೆಲ ಕನ್ನಡಕ ಏರಿಸಿ
ಪೆನ್ನಿನ ತುದಿಯಿಂದ ಗೀಟುಗಳನ್ನು ತಾನೇ ಎಣಿಸಿದ,
ತುಟಿ ಅಲ್ಲಾಡಿಸುತ್ತ, ಶಾಲೆಯ ಹುಡುಗನ ಹಾಗೆ.
ಎಂಬತ್ತೆಂಟಕ್ಕೆ ಎಂಬತ್ತೆಂಟೇ ಬಂತು.
“ಮೂರು ತಿಂಗಳು, ಪರೀಕ್ಷೆಗೆ,” ಎಂದ.
“ಅರವತ್ತಕ್ಕಿಂತ ಇಳಿದರೆ ನಿಲ್ಲಿಸುತ್ತೇವೆ.”

ಜನವರಿಯ ಕತ್ತಲಲ್ಲಿ ದೀಪ ಹಚ್ಚಿಕೊಂಡು ಬಂತು ಬಸ್ಸು.
ಯಾರೂ ಚಪ್ಪಾಳೆ ತಟ್ಟಲಿಲ್ಲ.
ಸೀಟು ಸಿಕ್ಕಿತು, ನಿದ್ದೆ ಮಾಡಿದೆವು.

ಫೆಬ್ರುವರಿಯಲ್ಲಿ ಜುಲ್ಮೀರಳ ಮೊಣಕಾಲು ಸೋತಿತು,
ಅದರ ಹಿಂದೆಯೇ ಕೆಲಸವೂ.
ಆದರೂ ಐದಕ್ಕೆಲ್ಲ ನಿಲ್ದಾಣದಲ್ಲಿರುತ್ತಾಳೆ,
ಬರಿಯ ಕೈಚೀಲ ತೊಡೆಯ ಮೇಲಿಟ್ಟು
ಕೊನೆಯ ನಿಲ್ದಾಣದವರೆಗೆ ಹೋಗಿ, ಅದೇ ಬಸ್ಸಿನಲ್ಲಿ ಮರಳುತ್ತಾಳೆ.
ಇದು ಲೆಕ್ಕದಲ್ಲಿ ಸುಳ್ಳಲ್ಲವೇ, ಎಂದ ಅದೆರಿತು ಒಂದು ದಿನ.
ಅವಳು ಮಾತಾಡಲಿಲ್ಲ,
ಟಿಕೆಟ್ಟು ತೆಗೆದು ತೋರಿಸಿದಳು.

ನಿನ್ನೆ ಐವತ್ತೊಂಬತ್ತು ಜನ ಹತ್ತಿದರು.
ಅರವತ್ತನೆಯವಳು
ಕಿಟಕಿಗೆ ಹಣೆ ಆನಿಸಿ
ಗೊರಕೆ ಹೊಡೆಯುತ್ತಿದ್ದಳು.